ಆಫ್ರಿಕಾಕ್ಕೆಂದು ಹೊರಟು ಕಬಿನಿಗೆ ಮುಟ್ಟಿದೆವು

ಕಾಡುಪ್ರಾಣಿ ನೋಡ್ಲಿಕ್ಕೆ ದುಡ್ಡು ಕೊಟ್ಟು ಹೋಗುವ ರೈತನನ್ನು ನೀವು ಕಂಡದ್ದುಂಟಾ? ನಾನು ಹೋಗಿಬಂದೆ. ಊರಲ್ಲಿ ಹೇಳಿದಾಗ ಎಲ್ಲರೂ ನಗಾಡಿದರು. "ಹಂದಿ, ಕಾಟಿ ರಾತ್ರಿ ನಿಮ್ಮ ಗದ್ದೆಗೇ ಬರ್ತದಲ್ಲ ಮಾರಾಯ್ರೆ, ಟಿಕೆಟ್ ಕೊಟ್ಟು ನೋಡುವುದು ಎಂಥದಕ್ಕೆ?" ಅಂತ. ಅವರು ಕೇಳಿದ್ದು ಸರಿಯೇ. ಆದರೆ ಹೋಗಿಬಂದದ್ದರಿಂದ ನನಗೆ ಒಂದು ಉಪಕಾರ ಆಯಿತು. ಅದನ್ನು ಹೇಳಲಿಕ್ಕೆ ಇದನ್ನು ಬರೆಯುತ್ತಿದ್ದೇನೆ.

ನನ್ನದು ಕಾರ್ಕಳ ತಾಲೂಕಿನಲ್ಲಿ, ಕುದುರೆಮುಖ ಕಾಡಿನ ಬುಡದ ಊರು. ಇರುವುದು ಖುಷ್ಕಿ ಜಾಗ. ನೀರಿನ ಆಸರೆ ಇಲ್ಲದ 80 ಸೆಂಟ್ಸ್ ಬೆಟ್ಟು ಗದ್ದೆ, ಮೇಲೆ ಗುಡ್ಡೆಯಲ್ಲಿ ಗೇರು. ಮಳೆಗಾಲದಲ್ಲಿ ಒಂದು ಭತ್ತ, ಆಮೇಲೆ ಪಸೆ ಇದ್ದಷ್ಟು ದಿನ ಹುರುಳಿಯೋ ಉದ್ದೋ. ಸರಿಯಾಗಿ ಕೈಗೆ ಬಂದರೆ ಭತ್ತ ಹದಿನಾಲ್ಕು ಚೀಲ. 2023ರಲ್ಲಿ ಬಂದದ್ದು ಆರು ಚೀಲ. ಆ ವರ್ಷ ಮಳೆ ಕೈಕೊಟ್ಟಿತ್ತು, ಸರಕಾರ ರಾಜ್ಯದ 223 ತಾಲೂಕುಗಳನ್ನು ಬರಪೀಡಿತ ಎಂದು ಘೋಷಿಸಿತ್ತು. ಆದರೆ ನನ್ನ ಎಂಟು ಚೀಲ ಪೂರ್ತಿ ಮಳೆಯಿಂದ ಹೋದದ್ದಲ್ಲ. ಹೆಚ್ಚಿನದ್ದು ಹಂದಿ ಮತ್ತು ಕಾಟಿಯ ಹೊಟ್ಟೆಗೆ ಹೋಯಿತು.

ಸಿಟ್ಟು ನೆತ್ತಿಗೇರಿತ್ತು. ಪೇಟೆಯಿಂದ ಎರಡು ಸುತ್ತು ಜಿ.ಐ. ತಂತಿ ತಂದು ಕೊಟ್ಟಿಗೆಯ ಅಟ್ಟದಲ್ಲಿ ಇಟ್ಟೆ. ಯಾಕೆ ಎಂದು ಬೇರೆ ಹೇಳಬೇಕಾಗಿಲ್ಲ. ಲೈನಿನಿಂದ ನೇರ ಕರೆಂಟು ಕೊಟ್ಟು ಗದ್ದೆಯ ಸುತ್ತ ಎಳೆಯುವವರು ಎಲ್ಲಾ ಕಡೆಯೂ ಇದ್ದಾರೆ. ಅದು ಅಪರಾಧ ಎಂದು ಗೊತ್ತಿತ್ತು. ನೆರೆಯ ಊರಲ್ಲಿ ಹಾಗೆ ಎಳೆದ ತಂತಿಗೆ ಗಬ್ಬದ ದನ ತಾಗಿ ಸತ್ತದ್ದನ್ನು ಕಣ್ಣಾರೆ ನೋಡಿದ್ದೆ. ಆದರೂ ತಂದಿಟ್ಟೆ. ಬರುವ ಬೆಳೆಗೆ ಎಳೆಯುವುದೇ ಎಂದು ಗಟ್ಟಿ ಮಾಡಿದ್ದೆ.

ಅಳಿಯನ ಆಫ್ರಿಕಾ

ತಂಗಿಯನ್ನು ಕಾಪುವಿಗೆ ಕೊಟ್ಟದ್ದು. ಅವಳ ಮಗನಿಗೆ ಮಣಿಪಾಲದಲ್ಲಿ ಕೆಲಸ. 2024ರ ಫೆಬ್ರವರಿಯಲ್ಲಿ ಅವನ ರೂಮಿಗೆ ಹೋಗಿದ್ದಾಗ ಕಂಪ್ಯೂಟರಿನಲ್ಲಿ ಒಂದು ವಿಡಿಯೋ ತೋರಿಸಿದ. ನದಿಯೊಂದರ ದಡದಲ್ಲಿ ಸಾವಿರಗಟ್ಟಲೆ ಕಪ್ಪು ಪ್ರಾಣಿಗಳು, ಒಂದರ ಮೇಲೊಂದು ಬಿದ್ದು ಈಜುತ್ತಿವೆ, ನೀರಲ್ಲಿ ಮೊಸಳೆ ಬಾಯಿ ತೆರೆದು ಕಾಯುತ್ತಿದೆ. "ಮಾವಾ, ಇದನ್ನು ನೋಡ್ಲಿಕ್ಕೆ ಆಗಸ್ಟಿನಲ್ಲಿ ಹೋಗುವ ಅಂತ ಇದ್ದೇನೆ. ತೀರಾ ದುಬಾರಿಯದ್ದಲ್ಲ, ಮಧ್ಯಮ ಪ್ಯಾಕೇಜು. ನೀವೂ ಬನ್ನಿ" ಅಂದ.

ಅದು ಪೂರ್ವ ಆಫ್ರಿಕಾದ ಟಾಂಜಾನಿಯಾ ಮತ್ತು ಕೀನ್ಯಾ ದೇಶಗಳ ಗಡಿಯ ಹುಲ್ಲುಗಾವಲು. ಟಾಂಜಾನಿಯಾದ ಕಡೆ ಸೆರೆಂಗೆಟಿ, ಕೀನ್ಯಾದ ಕಡೆ ಮಸಾಯಿ ಮಾರಾ. ಆ ಪ್ರಾಣಿಯ ಹೆಸರು ವಿಲ್ಡೆಬೀಸ್ಟ್. ನೋಡಲಿಕ್ಕೆ ಅರ್ಧ ದನ, ಅರ್ಧ ಜಿಂಕೆ. ಹನ್ನೆರಡು-ಹದಿಮೂರು ಲಕ್ಷ ಉಂಟಂತೆ, ಜೊತೆಗೆ ಲಕ್ಷಗಟ್ಟಲೆ ಜೀಬ್ರಾ. ವರ್ಷದ ಆರಂಭದಲ್ಲಿ ದಕ್ಷಿಣದ ಗಿಡ್ಡ ಹುಲ್ಲಿನ ಬಯಲಲ್ಲಿ ಕರು ಹಾಕುತ್ತವೆ. ಹಳೇ ಜ್ವಾಲಾಮುಖಿಯ ಬೂದಿ ಬಿದ್ದ ಮಣ್ಣು ಅದು. ಅಲ್ಲಿಯ ಹುಲ್ಲಿನಲ್ಲಿ ಸುಣ್ಣ, ರಂಜಕ ಜಾಸ್ತಿ, ಬಾಣಂತಿ ಪ್ರಾಣಿಗೆ ಒಳ್ಳೆಯದು. ಮಳೆ ನಿಂತು ಹುಲ್ಲು ಒಣಗಿದ ಹಾಗೆ ಪಶ್ಚಿಮಕ್ಕೆ, ಉತ್ತರಕ್ಕೆ ಹೊರಡುತ್ತವೆ. ಜುಲೈಯಿಂದ ಅಕ್ಟೋಬರ್ ಒಳಗೆ ಮಾರಾ ನದಿ ದಾಟುತ್ತವೆ. ಮಳೆ ಬಂದ ಮೇಲೆ ತಿರುಗಿ ದಕ್ಷಿಣಕ್ಕೆ. ಪ್ರತಿವರ್ಷ ಇದೇ ಸುತ್ತು.

ಇದರಲ್ಲಿ ದನ ಸಾಕುವ ನಮಗೆ ಬೇಕಾದ ಒಂದು ಸಂಗತಿ ಉಂಟು. ದನಗಳಿಗೆ 'ದೊಡ್ಡರೋಗ' ಬರುತ್ತಿದ್ದದ್ದು ಹಳಬರಿಗೆ ನೆನಪಿದ್ದೀತು. ಹಟ್ಟಿಗೆ ಹಟ್ಟಿಯೇ ಖಾಲಿಯಾಗುತ್ತಿತ್ತು. 1880ರ ದಶಕದ ಕೊನೆಗೆ ಆ ರೋಗ ಪೂರ್ವ ಆಫ್ರಿಕಾಕ್ಕೆ ನುಗ್ಗಿ ದನವನ್ನೂ ಈ ಕಾಡುಪ್ರಾಣಿಯನ್ನೂ ಒಟ್ಟಿಗೆ ಕೊಂದಿತು. ಆಮೇಲೆ ಅಲ್ಲಿನವರು ದನಗಳಿಗೆ ಲಸಿಕೆ ಹಾಕುತ್ತಾ ಬಂದರು. ಕಾಡುಪ್ರಾಣಿಗೆ ಯಾರೂ ಸೂಜಿ ಚುಚ್ಚಲಿಲ್ಲ. ಆದರೂ 1960ರ ಸುಮಾರಿಗೆ ಎರಡೂವರೆ ಲಕ್ಷ ಇದ್ದ ವಿಲ್ಡೆಬೀಸ್ಟ್ 1970ರ ದಶಕ ಮುಗಿಯುವಾಗ ಹದಿಮೂರು ಲಕ್ಷಕ್ಕೆ ಮುಟ್ಟಿತು. ರೋಗ ಇದ್ದದ್ದು ಹಟ್ಟಿಯಲ್ಲಿ. ಹಟ್ಟಿ ಶುದ್ಧವಾದಾಗ ಕಾಡೂ ಶುದ್ಧವಾಯಿತು. 2011ರಲ್ಲಿ ಆ ರೋಗ ಇಡೀ ಪ್ರಪಂಚದಿಂದಲೇ ಹೋಯಿತೆಂದು ಸಾರಿದರು.

ಇಷ್ಟು ಕೇಳಿದ ಮೇಲೆ ನನಗೂ ಆಸೆ ಆಯಿತು, ಸುಳ್ಳು ಯಾಕೆ ಹೇಳಲಿ. ಆಮೇಲೆ ಖರ್ಚು ಲೆಕ್ಕ ಹಾಕಿದೆವು. ಮಸಾಯಿ ಮಾರಾದ ಒಳಗೆ ಕಾಲಿಡಲಿಕ್ಕೆ ಹೊರದೇಶದವರಿಗೆ ಆ ವರ್ಷದ ಜುಲೈಯಿಂದ ದಿನಕ್ಕೆ 200 ಡಾಲರ್. ಅಂದರೆ ಒಬ್ಬನಿಗೆ ಒಂದು ದಿನಕ್ಕೆ ಹದಿನಾರು ಸಾವಿರದ ಮೇಲೆ, ಬರೀ ಗೇಟಿನ ದುಡ್ಡು. ವಿಮಾನ, ವಸತಿ, ಜೀಪು ಬೇರೆ. ಪಾಸ್‌ಪೋರ್ಟ್ ಬೇಕು, ಹಳದಿ ಜ್ವರದ ಚುಚ್ಚುಮದ್ದು ಹತ್ತು ದಿನ ಮೊದಲೇ ಆಗಿರಬೇಕು. ಅಳಿಯನ ಮುಖ ಸಣ್ಣದಾಯಿತು. ಆಗ ಅವನ ಅಪ್ಪ, ಅಂದರೆ ನನ್ನ ಭಾವ, ಒಂದು ಮಾತು ಹೇಳಿದರು: "ಪ್ರಾಣಿ ಗುಳೆ ಹೋಗುವುದನ್ನೇ ನೋಡ್ಬೇಕಾದ್ರೆ ಕಬಿನಿಗೆ ಹೋಗುವ. ಬೇಸಿಗೆಯಲ್ಲಿ ಅಲ್ಲಿ ಆನೆ ಸೇರ್ತದಂತೆ."

ಭಾವನದ್ದು ಶಂಕರಪುರ ಮಲ್ಲಿಗೆ ಕೃಷಿ. ಮಲ್ಲಿಗೆಯವರಿಗೆ ಮನೆ ಬಿಟ್ಟು ಹೊರಡುವುದೆಂದರೆ ದೊಡ್ಡ ಕಷ್ಟ. ತಂಗಿ "ಎರಡು ದಿನ ಹೂ ಕೊಯ್ಲಿಕ್ಕೆ ನಾನಿದ್ದೇನೆ, ಹೋಗಿಬನ್ನಿ" ಎಂದು ಕಳಿಸಿದಳು.

ಕೆರೆ ಒಣಗಿದಲ್ಲಿ ಹುಲ್ಲು

2024ರ ಏಪ್ರಿಲ್ ಮೊದಲ ವಾರ ಉಡುಪಿಯಿಂದ ರಾತ್ರಿ ಬಸ್ಸು. ಮಂಗಳೂರು, ಮಡಿಕೇರಿ ದಾಟಿ ಬೆಳಗಾಗುವಾಗ ಹುಣಸೂರು. ಅಲ್ಲಿಂದ ಹೆಗ್ಗಡದೇವನಕೋಟೆ. ಅಂತರಸಂತೆ ಆಚೆ ದಮ್ಮನಕಟ್ಟೆ ಎಂಬಲ್ಲಿಂದ ಅರಣ್ಯ ಇಲಾಖೆಯ ಸಫಾರಿ ಬಸ್ಸು ಹೊರಡುತ್ತದೆ.

ಕಬಿನಿ ಹುಟ್ಟುವುದು ಕೇರಳದ ವಯನಾಡಿನಲ್ಲಿ, ಕಾವೇರಿಗೆ ಸೇರುವುದು ತಿರುಮಕೂಡಲಿನಲ್ಲಿ. ಬೀಚನಹಳ್ಳಿಯಲ್ಲಿ ಅಣೆಕಟ್ಟು ಮುಗಿದದ್ದು 1974ರಲ್ಲಿ. ಹಿನ್ನೀರಿನ ಒಂದು ಕಡೆ ನಾಗರಹೊಳೆ ಕಾಡು, ಇನ್ನೊಂದು ಕಡೆ ಬಂಡೀಪುರ. ಹಿಂದೆ ಆನೆ ಹಿಡಿಯುವ ಖೆಡ್ಡಾ ನಡೆಯುತ್ತಿದ್ದ ಕಾಕನಕೋಟೆ ಇದೇ ಪ್ರದೇಶ. ಕೊನೆಯ ಖೆಡ್ಡಾ ಆದದ್ದು 1971ರಲ್ಲಿ. ಆ ಕಾಡಿನ ಒಂದು ಪಾಲು ನೀರಿನಡಿ ಹೋಯಿತು, ಅಲ್ಲಿದ್ದ ಹಳ್ಳಿಗಳೂ ಹಾಡಿಗಳೂ ಎದ್ದು ಬೇರೆ ಕಡೆ ಹೋದವು.

ಬೇಸಿಗೆಯಲ್ಲಿ ಆನೆ ಇಲ್ಲಿಗೇ ಯಾಕೆ ಬರುತ್ತದೆ? ಜನವರಿ ಕಳೆದ ಮೇಲೆ ಕಾಡಿನೊಳಗಿನ ಹಳ್ಳ, ಕೆರೆ ಬತ್ತುತ್ತವೆ. ಹುಲ್ಲು ಒಣಗಿ ಕಡ್ಡಿಯಾಗುತ್ತದೆ. ಅದೇ ಹೊತ್ತಿಗೆ ಹಿನ್ನೀರು ಇಳಿದು ತಳದ ಮೆಕ್ಕಲು ಮಣ್ಣು ಬಿಸಿಲಿಗೆ ಬೀಳುತ್ತದೆ. ಅದರಲ್ಲಿ ಪಸೆ ಉಂಟು. ಎಳೆ ಹುಲ್ಲು ಏಳುತ್ತದೆ. ಪಕ್ಕದಲ್ಲೇ ನೀರು. ದೊಡ್ಡ ಆನೆಗೆ ದಿನಕ್ಕೆ ನೂರೈವತ್ತು ಕಿಲೋದಷ್ಟು ಮೇವು ಬೇಕು, ನೂರು ಲೀಟರಿನ ಮೇಲೆ ನೀರು ಬೇಕು. ಎರಡೂ ಒಂದೇ ಕಡೆ ಸಿಗುವ ಜಾಗ ಇದೊಂದೇ. ಹಾಗಾಗಿ ನಾಗರಹೊಳೆ, ಬಂಡೀಪುರ, ವಯನಾಡು ಮೂರೂ ಕಡೆಯಿಂದ ಹಿಂಡು ಹಿಂಡಾಗಿ ಬರುತ್ತವೆ. ಮಳೆ ಬಿದ್ದು ಕಾಡು ಚಿಗುರಿದ ಕೂಡಲೇ ಚದರಿ ಹೋಗುತ್ತವೆ. ಮಸಾಯಿ ಮಾರಾದಲ್ಲಿ ಲಕ್ಷದ ಲೆಕ್ಕ, ಇಲ್ಲಿ ನೂರರ ಲೆಕ್ಕ. ಆದರೆ ಕಾರಣ ಒಂದೇ, ಹುಲ್ಲು ಮತ್ತು ನೀರು.

ಬಸ್ಸು ಕಾಡಿನೊಳಗೆ ಸ್ವಲ್ಪ ಹೊತ್ತು ಹೋಗಿ ಬಯಲಿಗೆ ಬಂತು. ಎದುರು ಹಸಿರು ಬಯಲು, ನಡುನಡುವೆ ಮುಳುಗಿ ಸತ್ತ ಮರಗಳ ಕಪ್ಪು ಬೊಡ್ಡೆಗಳು. ಬಯಲ ತುಂಬ ಆನೆ. ನಾನು ನಲವತ್ತೇಳರ ತನಕ ಎಣಿಸಿದೆ, ಆಮೇಲೆ ಲೆಕ್ಕ ತಪ್ಪಿತು. ಪ್ರತಿ ಗುಂಪಿಗೂ ಒಂದು ಮುದಿ ಹೆಣ್ಣಾನೆಯೇ ಯಜಮಾನಿ. ಅದು ಹೆಜ್ಜೆ ಇಟ್ಟರೆ ಉಳಿದವು ಹೆಜ್ಜೆ ಇಡುತ್ತವೆ. ಮರಿಗಳು ಹೊಟ್ಟೆಯ ಅಡಿಯಲ್ಲಿ.

ಒಂದು ನೋಟ ಮಾತ್ರ ಮರೆಯಲಿಕ್ಕಾಗುವುದಿಲ್ಲ. ಆನೆ ಸೊಂಡಿಲಿನಿಂದ ಹುಲ್ಲನ್ನು ಬೇರು ಸಮೇತ ಕೀಳುತ್ತದೆ. ಕಿತ್ತದ್ದನ್ನು ಹಾಗೆಯೇ ತಿನ್ನುವುದಿಲ್ಲ. ಮುಂಗಾಲಿಗೆ ಎರಡು ಸಲ ಬಡಿದು, ಮಣ್ಣು ಉದುರಿಸಿ, ಆಮೇಲೆ ಬಾಯಿಗೆ. ನಮ್ಮಲ್ಲಿ ಹೆಂಗಸರು ನೇಜಿ ಕೀಳುವಾಗ ಹಿಡಿಯನ್ನು ಕಾಲಿಗೆ ಬಡಿದು ಕೆಸರು ಉದುರಿಸುತ್ತಾರಲ್ಲ, ಥೇಟ್ ಹಾಗೆ. ಭಾವ "ಇವುಗಳನ್ನು ನಾಟಿಗೆ ಕರ್ಕೊಂಡು ಹೋಗ್ಬಹುದು" ಅಂದರು. ನಗು ಬಂತು. ಬಸ್ಸಿನಲ್ಲಿದ್ದ ಬೆಂಗಳೂರಿನವರಿಗೆ ಹುಲಿ ಕಾಣಲಿಲ್ಲ ಎಂದು ಬೇಜಾರು. ನಮಗೆ ಅದರ ನೆನಪೇ ಆಗಲಿಲ್ಲ.

ಆನೆಗಳ ಆಚೆ ನೀರಿನ ಅಂಚಿಗೆ ಹತ್ತು-ಹನ್ನೆರಡು ಕಾಟಿ ಮೇಯುತ್ತಿದ್ದವು. ಕಾಟಿಯನ್ನು ನಾನು ನೋಡಿದ್ದೆಲ್ಲ ರಾತ್ರಿ, ಟಾರ್ಚಿನ ಬೆಳಕಿನಲ್ಲಿ, ಎದೆ ಡವಗುಟ್ಟುವಾಗ. ಹಗಲಿನಲ್ಲಿ ನಿಶ್ಚಿಂತೆಯಿಂದ ಮೇಯುವುದನ್ನು ನೋಡಿದ್ದು ಅದೇ ಮೊದಲು. ಎಳೆ ಹುಲ್ಲು ಬಿಟ್ಟು ಬೇರೆ ಕಡೆ ತಲೆ ಎತ್ತಲಿಲ್ಲ. ಆಗ ನನಗೆ ಒಂದು ಯೋಚನೆ ಹೊಕ್ಕಿತು. ಇದಕ್ಕೆ ನನ್ನ ಮೇಲೆ ಹಗೆ ಇಲ್ಲ. ಇದಕ್ಕೆ ಒಂದು ಕ್ಯಾಲೆಂಡರ್ ಉಂಟು, ಆ ಕ್ಯಾಲೆಂಡರಿನಲ್ಲಿ ನನ್ನ ಗದ್ದೆಯೂ ಒಂದು ದಿನ ಬರುತ್ತದೆ. ಯಾವ ದಿನ ಅಂತ ನಾನು ಈವರೆಗೆ ಬರೆದಿಟ್ಟದ್ದೇ ಇಲ್ಲ.

ಚಹಾದಂಗಡಿಯ ಯಜಮಾನರು

ಸಂಜೆ ಅಂತರಸಂತೆ ಕಡೆಯ ಚಹಾದಂಗಡಿಯಲ್ಲಿ ಒಬ್ಬರು ಹಿರಿಯರು ಸಿಕ್ಕಿದರು. ಮೂರು ಎಕ್ರೆ ಮಳೆಯಾಶ್ರಿತ ಹೊಲ, ಹತ್ತಿ ಮತ್ತು ರಾಗಿ. ಕಾಡಿನ ಅಂಚಿನಿಂದ ಎರಡು ಹೊಲ ಈಚೆಗೆ. ನಾವೂ ರೈತರೆಂದು ತಿಳಿದ ಮೇಲೆ ಮಾತು ಬಿಚ್ಚಿದರು.

"ಬಯಲಲ್ಲಿ ನೋಡುದ್ರಲ್ಲ, ಮರಿ ಕಟ್ಕೊಂಡಿರೋ ಹಿಂಡು, ಅದು ನಮ್ಗೆ ಅಷ್ಟು ಕಾಟ ಇಲ್ಲ ಕಣಣ್ಣ. ಒಂಟಿ ಸಲಗ ಬತ್ತದೆ. ರಾಗಿ ತೆನೆ ಹಾಲು ಕಟ್ಟೋ ಟೈಮ್‌ಗೆ ಸರ್ಯಾಗಿ ಬತ್ತದೆ. ಮೂರು ತಿಂಗ್ಳು ಅಟ್ಟಣೆ ಮೇಲೆ ನಿದ್ದೆ ಇಲ್ಲ."

ಇದು ಅವರೊಬ್ಬರ ಅನುಭವ ಅಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಡಾ. ರಾಮನ್ ಸುಕುಮಾರ್ 1980ರ ದಶಕದ ಆರಂಭದಲ್ಲಿ ಚಾಮರಾಜನಗರ-ಸತ್ಯಮಂಗಲ ಕಡೆ ಆನೆಗಳ ಹಿಂದೆ ಬಿದ್ದು ಇದನ್ನೇ ಕಂಡುಕೊಂಡರು. ಹಿಂಡಿಗಿಂತ ಗಂಡಾನೆ ಹೊಲಕ್ಕೆ ನುಗ್ಗುವುದು ಬಹಳ ಜಾಸ್ತಿ. ಕಾಡಿನ ಹುಲ್ಲು ಬಲಿತು ಸತ್ವ ಕಳೆದುಕೊಳ್ಳುವ ಹೊತ್ತಿಗೆ ನಮ್ಮ ಬೆಳೆ ತೆನೆಗೆ ಬಂದಿರುತ್ತದೆ, ಅದರಲ್ಲಿ ಸತ್ವ ಹೆಚ್ಚು.

ನಾನು ಪರಿಹಾರದ ವಿಷಯ ಕೇಳಿದೆ. "ಅರ್ಜಿ ಹಾಕ್ತೀವಿ, ಬತ್ತದೆ. ಬೆಳೆ ಕಳ್ಕೊಂಡಷ್ಟು ಬರಕಿಲ್ಲ" ಅಂದರು. ಈಗ ಅರಣ್ಯ ಇಲಾಖೆಯ ಇ-ಪರಿಹಾರ ಉಂಟು. ಬಂಡೀಪುರ-ನಾಗರಹೊಳೆಯ ಸುತ್ತಿನ ಹಳ್ಳಿಗಳಲ್ಲಿ 2015ರಿಂದ 'ವೈಲ್ಡ್ ಸೇವೆ' ಎಂಬವರು ಫೋನು ಮಾಡಿದರೆ ಹೊಲಕ್ಕೇ ಬಂದು ಅರ್ಜಿ ತಯಾರಿಸಿ ಕೊಡುತ್ತಾರೆ. ಹಳೇ ರೈಲು ಹಳಿಗಳನ್ನು ನೆಟ್ಟು ತಡೆಬೇಲಿ ಮಾಡಿದ್ದಾರೆ. ಆದರೂ ಆನೆ ದಾಟಲು ನೋಡುತ್ತದೆ. 2018ರ ಡಿಸೆಂಬರಿನಲ್ಲಿ ಒಂದು ಸಲಗ ಹಾಗೆ ದಾಟುವಾಗ ಹಳಿಗೆ ಸಿಕ್ಕಿ ಸತ್ತಿತು.

ಅಳಿಯ ಆಗ ಮಸಾಯಿ ಮಾರಾದ ಒಂದು ವ್ಯವಸ್ಥೆ ಹೇಳಿದ. ಅಲ್ಲಿ ಸರಕಾರದ ಕಾಡಿನ ಹೊರಗೆ ಮಸಾಯಿ ಜನರ ಸ್ವಂತ ಜಮೀನು ಉಂಟು. ಅವರು ದನ ಸಾಕುವವರು. ನೂರಾರು ಕುಟುಂಬಗಳು ಜಮೀನನ್ನು ಒಟ್ಟು ಸೇರಿಸಿ ಪ್ರವಾಸದ ಕಂಪೆನಿಗಳಿಗೆ ಗೇಣಿಗೆ ಕೊಟ್ಟಿವೆ. ಬೇಲಿ ಹಾಕಬಾರದು, ಪ್ರಾಣಿಗೆ ದಾರಿ ಬಿಡಬೇಕು. ಅದಕ್ಕೆ ತಿಂಗಳು ತಿಂಗಳು ಬಾಡಿಗೆ ಅವರವರ ಖಾತೆಗೆ. ಅಂದರೆ ನೋಡುವವರು ಕೊಟ್ಟ ದುಡ್ಡಿನಲ್ಲಿ ಜಾಗ ಬಿಟ್ಟವನಿಗೆ ಪಾಲು.

ಯಜಮಾನರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಇಲ್ಲಿ ಬೆಳೆ ಹೋದ್‌ಮೇಲೆ ಕೊಡ್ತಾರೆ. ಅಲ್ಲಿ ಮುಂಚೆನೇ ಕೊಡ್ತಾರೆ ಅನ್ನಿ" ಅಂದರು. ನಾನು ಹತ್ತು ಸಭೆಯಲ್ಲಿ ಕೇಳಿದ ಭಾಷಣಕ್ಕಿಂತ ಆ ಮಾತು ಸ್ಪಷ್ಟ ಇತ್ತು. ಕರ್ನಾಟಕದಲ್ಲಿ 2023ರ ಗಣತಿಯ ಪ್ರಕಾರ 6,395 ಆನೆ. ದೇಶದಲ್ಲಿ ನಮ್ಮದೇ ಮೊದಲ ಸ್ಥಾನ ಎಂದು ಪೇಪರಿನಲ್ಲಿ ಹೆಮ್ಮೆಯಿಂದ ಬಂತು. ಆ ಹೆಮ್ಮೆಗೆ ರಾತ್ರಿ ನಿದ್ದೆಗೆಟ್ಟವರು ಇಂತಹ ಯಜಮಾನರು.

ಮನೆಗೆ ಬಂದು ಮಾಡಿದ್ದು

ತಿರುಗಿ ಬಂದವನು ಅಟ್ಟದ ತಂತಿಯನ್ನು ತೆಗೆಯಲಿಲ್ಲ. ಒಂದು ವರ್ಷ ನೋಡುವ ಎಂದುಕೊಂಡೆ. ಅಂಗಡಿಯಿಂದ ಒಂದು ಪುಸ್ತಕ ತಂದು ಬರೆಯಲು ಶುರು ಮಾಡಿದೆ. ಯಾವ ತಾರೀಕು, ಯಾವ ಪ್ರಾಣಿ, ಯಾವ ಬದಿಯಿಂದ ಬಂತು, ಬೆಳೆ ಯಾವ ಹಂತದಲ್ಲಿತ್ತು, ಮಳೆ ಇತ್ತೋ ಇಲ್ಲವೋ. ಇಷ್ಟೇ.

ಒಂದು ಮಳೆಗಾಲ, ಒಂದು ಬೇಸಿಗೆ ಕಳೆಯುವಾಗ ಮೂರು ಸಂಗತಿ ಕಣ್ಣಿಗೆ ಬಿತ್ತು.

ಒಂದು, ಕಾಟಿ ಗದ್ದೆಗೆ ಹೆಚ್ಚು ಇಳಿದದ್ದು ಮೇಲಿನ ತೋಡು ಬತ್ತಿದ ಮೇಲೆ. ಅದಕ್ಕೆ ಬೇಕಾದದ್ದು ನೀರು, ದಾರಿಯಲ್ಲಿ ಸಿಕ್ಕಿದ್ದು ನನ್ನ ಹುರುಳಿ.

ಎರಡು, ಹಂದಿ ಬಂದದ್ದೆಲ್ಲ ಒಂದೇ ಬದಿಯಿಂದ. ಅಲ್ಲಿ ಹಡಿಲು ಬಿದ್ದ ಗದ್ದೆ ಉಂಟು, ಯಜಮಾನರು ಮುಂಬಯಿಯಲ್ಲಿ. ಆಳೆತ್ತರ ಪೊದೆ. ಹಂದಿ ಹಗಲು ಅದರಲ್ಲೇ ಮಲಗುತ್ತಿತ್ತು. ಕಾಡಿನಿಂದ ಬರುತ್ತದೆ ಎಂದು ನಾನು ಕಾಡಿನ ಕಡೆ ಗರ್ನಾಲು ಹೊಡೆಯುತ್ತಿದ್ದೆ! ಉಡುಪಿಯಲ್ಲಿ 2021ರಲ್ಲಿ ಹಡಿಲು ಭೂಮಿ ಬೇಸಾಯದ ಅಭಿಯಾನ ಆದಾಗ ಅಕ್ಕಿಯ ಮಾತು ಮಾತ್ರ ನನ್ನ ತಲೆಗೆ ಹೋಗಿತ್ತು, ಹಂದಿಯ ಮಾತು ಹೋಗಿರಲಿಲ್ಲ.

ಮೂರು, ನನ್ನ ಭತ್ತ ಊರಿನಲ್ಲಿ ಎಲ್ಲರಿಗಿಂತ ಮೊದಲು ಹಾಲು ತುಂಬುತ್ತಿತ್ತು. ಬೆಟ್ಟಿನಲ್ಲಿ ನೀರು ನಿಲ್ಲುವುದಿಲ್ಲ ಎಂದು ನಾನು ಬೇಗ ಬಿತ್ತುವವನು. ಹಾಗಾಗಿ ಸುತ್ತಲಿನ ಹಂದಿ, ನವಿಲು, ಮಂಗನಿಗೆಲ್ಲ ಆ ಹತ್ತು ದಿನ ಊಟದ ಬಟ್ಟಲು ನನ್ನದೊಂದೇ.

2025ರಲ್ಲಿ ಬೆಟ್ಟಿನ ನಾಲ್ಕು ಮನೆಯವರು ಕೂತು ಮಾತಾಡಿ ಒಂದೇ ವಾರದಲ್ಲಿ ಬಿತ್ತಿದೆವು. ಮುಂಬಯಿಯವರಿಗೆ ಫೋನು ಮಾಡಿ ಅನುಮತಿ ಕೇಳಿ ಪೊದೆ ಸವರಿದೆವು. "ಹಾಳು ಬಿದ್ದದ್ದಕ್ಕಿಂತ ಒಳ್ಳೆಯದಾಯ್ತು" ಅಂತ ಅವರೇ ಅಂದರು. ಕಾಡಿನ ಬದಿಗೆ ಎರಡು ಸಾಲು ಅರಿಶಿನ ಹಾಕಿದೆ. ಅದಕ್ಕೆ ಹಂದಿ ನನ್ನಲ್ಲಿ ಬಾಯಿ ಹಾಕಲಿಲ್ಲ. ಹಾಲುದುಂಬುವ ಹತ್ತು-ಹನ್ನೆರಡು ರಾತ್ರಿ ನಾಲ್ಕು ಮನೆಯವರು ಪಾಳಿ ಹಾಕಿ ಕಾದೆವು. ಮೊದಲು ನಾನೊಬ್ಬನೇ ಒಂದು ತಿಂಗಳು ಕಾಯುತ್ತಿದ್ದೆ.

ಬಂದದ್ದು ಹನ್ನೊಂದು ಚೀಲ. ಹದಿನಾಲ್ಕು ಅಲ್ಲ. ಹಂದಿ ನಿಂತಿಲ್ಲ, ಕಮ್ಮಿಯಾಗಿದೆ. ನವಿಲಿಗೆ ಈ ಉಪಾಯ ಯಾವುದೂ ನಾಟಲಿಲ್ಲ. ಕಾಟಿ ಒಮ್ಮೆ ಬಂದು ಎರಡು ಗಂಟೆಯಲ್ಲಿ ಒಂದು ಚೀಲದಷ್ಟು ಮುಗಿಸಿ ಹೋಯಿತು. ಅದಕ್ಕೆ ಫೋಟೋ ತೆಗೆದು ಅರ್ಜಿ ಹಾಕಿದೆ. ಎಲ್ಲವೂ ಸರಿಹೋಯಿತು ಎಂದು ನಾನು ಹೇಳುವುದಿಲ್ಲ. ಆದರೆ ಆ ಎರಡು ಸುತ್ತು ತಂತಿಯಲ್ಲಿ ಈಗ ಬಸಳೆ ಚಪ್ಪರ ಆಗಿದೆ.

ಅಕ್ಟೋಬರಿನಲ್ಲಿ ಕೊಯ್ಲಿನ ಹೊತ್ತಿಗೆ ಅಂಗಳದ ಮೇಲೆ ಹಳದಿ ಏರೋಪ್ಲೇನ್ ಚಿಟ್ಟೆಗಳು ಗುಂಪಾಗಿ ಹಾರುವುದನ್ನು ನೀವೂ ನೋಡಿದ್ದೀರಿ. ಅಳಿಯ ಅದರದ್ದೂ ಕತೆ ಹೇಳಿದ. ಆ ಜಾತಿಯ ಚಿಟ್ಟೆಗಳು ಭಾರತದ ಕಡೆಯಿಂದ ಗಾಳಿ ಹಿಡಿದು, ಮಾಲ್ದೀವ್ಸ್ ಮೇಲೆ ಹಾದು, ಸಮುದ್ರ ದಾಟಿ ಪೂರ್ವ ಆಫ್ರಿಕಾಕ್ಕೆ ಹೋಗುತ್ತವೆ ಎಂದು ಚಾರ್ಲ್ಸ್ ಆಂಡರ್ಸನ್ ಎಂಬ ಜೀವವಿಜ್ಞಾನಿ 2009ರಲ್ಲಿ ಬರೆದಿದ್ದಾರಂತೆ. ಅವುಗಳ ಮಕ್ಕಳು-ಮೊಮ್ಮಕ್ಕಳು ಮುಂಗಾರಿನ ಗಾಳಿಯೊಟ್ಟಿಗೆ ತಿರುಗಿ ಬರುತ್ತವಂತೆ. ಪುಸ್ತಕದಲ್ಲಿ ಈಗ ಅವು ಬಂದ ತಾರೀಕನ್ನೂ ಬರೆಯುತ್ತಿದ್ದೇನೆ.

ಹೋಗುವವರಿಗೆ ನಾಲ್ಕು ಮಾತು

• ಹಿನ್ನೀರಿನಲ್ಲಿ ಆನೆ ಸೇರುವುದು ಮಾರ್ಚಿಯಿಂದ ಮೇ ತನಕ. ಒಂದೆರಡು ದೊಡ್ಡ ಮಳೆ ಬಿದ್ದರೆ ಚದರುತ್ತವೆ. ಆಮೇಲೆ ಹೋಗಿ ಪ್ರಯೋಜನ ಇಲ್ಲ.

• ದೊಡ್ಡ ರೆಸಾರ್ಟು ಬೇಕಾಗಿಲ್ಲ. ಹೆಗ್ಗಡದೇವನಕೋಟೆಯಲ್ಲಿ ಸಾದಾ ರೂಮು ಸಿಗುತ್ತದೆ. ಬಸ್ಸು, ರೂಮು, ಊಟ, ಎರಡು ಸಫಾರಿ ಸೇರಿ ನಮಗೆ ಮೂವರಿಗೆ ಹನ್ನೊಂದು ಸಾವಿರದೊಳಗೆ ಮುಗಿಯಿತು. ದರ ಬದಲಾಗುತ್ತಾ ಇರುತ್ತದೆ.

• ಸಫಾರಿಯಲ್ಲಿ ಬಿಳಿ, ಕೆಂಪು ಅಂಗಿ ಬೇಡ. ಬಸ್ಸಿನಿಂದ ಇಳಿಯುವ ಹಾಗಿಲ್ಲ. ಸಾಧ್ಯವಾದರೆ ಒಂದು ದೂರದರ್ಶಕ ಇರಲಿ. ಒಂದು ಸಂಜೆ ಕಾಡಂಚಿನ ರೈತರೊಟ್ಟಿಗೆ ಕೂತು ಮಾತಾಡಿ. ಅದಕ್ಕೆ ಟಿಕೆಟ್ ಇಲ್ಲ.

• 2025ರ ಅಕ್ಟೋಬರ್-ನವೆಂಬರಿನಲ್ಲಿ ಸರಗೂರು ಕಡೆ ಹುಲಿ ದಾಳಿಗೆ ರೈತರು ಪ್ರಾಣ ಕಳೆದುಕೊಂಡರು. ನವೆಂಬರ್ 7ರಂದು ಅರಣ್ಯ ಸಚಿವರು ಬಂಡೀಪುರ, ನಾಗರಹೊಳೆಯಲ್ಲಿ ಸಫಾರಿ ನಿಲ್ಲಿಸಲು ಆದೇಶ ಕೊಟ್ಟರು, ಸಫಾರಿಯ ಸಿಬ್ಬಂದಿಯನ್ನು ಹಳ್ಳಿಗಳ ಕಾವಲಿಗೆ ಹಾಕಿದರು. ನೋಡಲು ಬರುವವರಿಗಿಂತ ಅಲ್ಲಿ ಬದುಕುವವರ ಜೀವ ಮೊದಲು, ಅದು ಸರಿಯೇ. ಹಾಗಾಗಿ ಹೊರಡುವ ಮೊದಲು ಅರಣ್ಯ ಇಲಾಖೆಗೆ ಫೋನು ಮಾಡಿ, ಸಫಾರಿ ಉಂಟೋ ಇಲ್ಲವೋ ಎಂದು ಕೇಳಿಯೇ ಬಸ್ಸು ಹತ್ತಿ.